ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯಬೇಡಿ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಸೀಮೆಗಳಿಂದಲೂ ನೀವು ಮಠಕ್ಕೆ ಬರುತ್ತೀರಿ. ಬಂದು ಮಳೆ ಹೋದುದನ್ನು ಹೇಳುತ್ತೀರಿ, ಕೊಳವೆಬಾವಿ ಬತ್ತಿದುದನ್ನು ಹೇಳುತ್ತೀರಿ, ಗೂಡಿನ ಧಾರಣೆ ಇಳಿದುದನ್ನು ಹೇಳುತ್ತೀರಿ. ಇವೆಲ್ಲ ನಾಲ್ಕು ಜನರ ಎದುರಿಗೆ ಹೇಳಬಹುದಾದ ಕಷ್ಟಗಳು. ಆದರೆ ಎಲ್ಲರೂ ಎದ್ದು ಪ್ರಸಾದಕ್ಕೆ ಹೋದ ಮೇಲೆ ಹಿಂದೆ ಉಳಿದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳುವ ಒಂದು ಕಷ್ಟವಿದೆ. “ಬುದ್ಧೀ, ಮಗನಿಗೆ ಮೂವತ್ತು ತುಂಬಿತು. ಮೈಯಲ್ಲಿ ಆಳಿನ ಬಲವಿದೆ. ಒಮ್ಮೊಮ್ಮೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ತಲೆಯನ್ನು ಗೋಡೆಗೆ ಹೊಡೆದುಕೊಳ್ಳುತ್ತಾನೆ. ಊರವರು ದೆವ್ವ ಎನ್ನುತ್ತಾರೆ, ಕೊಬ್ಬು ಎನ್ನುತ್ತಾರೆ. ಚಿಕ್ಕವನಿದ್ದಾಗ ಎತ್ತಿ ಎದೆಗೆ ಅವಚಿಕೊಳ್ಳುತ್ತಿದ್ದೆ. ಈಗ ಏನು ಮಾಡಲಿ?” ಈ ಪ್ರಶ್ನೆಯನ್ನು ಕೇಳುವ ತಾಯಿ ಒಬ್ಬಳಲ್ಲ. ಆದುದರಿಂದ ಈ ದಿನ ಇದನ್ನು ಎಲ್ಲರ ಎದುರಿಗೇ ಎತ್ತಿಕೊಂಡು ನಾಲ್ಕು ಮಾತು ಹೇಳಬೇಕೆಂದು ನಾವು ಬಯಸಿದ್ದೇವೆ.

ಈ ಸ್ಥಿತಿಗೆ ವೈದ್ಯರು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಮಾತು ರೂಢಿಗೆ ಬಂದಿದೆ. ಅಮೆರಿಕೆಯಲ್ಲಿದ್ದ ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 1943ರಲ್ಲಿ 11 ಮಕ್ಕಳ ವಿಷಯವನ್ನು ಬರೆದು ಪ್ರಕಟಿಸಿದರು. ಅಲ್ಲಿಂದ ಲೋಕಕ್ಕೆ ಇದರ ಪರಿಚಯವಾಯಿತು. 2021ರಲ್ಲಿ ಲೋಕದ 127 ಜನರಲ್ಲಿ ಒಬ್ಬರು ಹೀಗಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗೆಂದ ಮೇಲೆ ನಮ್ಮ ದೊಡ್ಡ ಹಳ್ಳಿಗಳಲ್ಲಿ ಒಬ್ಬರಲ್ಲ, ಹಲವರು ಇರಲೇಬೇಕಲ್ಲವೇ? ಇದು ಮಿದುಳು ಬೆಳೆಯುವ ರೀತಿಯಲ್ಲಿಯೇ ಹುಟ್ಟಿನಿಂದ ಬಂದಿರತಕ್ಕ ಭೇದ. ಅಂಟುರೋಗವಲ್ಲ, ಹುಚ್ಚಲ್ಲ, ಬೆಳೆದಂತೆ ಉದುರಿಹೋಗುವ ಹಾಲುಹಲ್ಲೂ ಅಲ್ಲ. ಆಟಿಸಂ ಎಂದ ಕೂಡಲೇ ಜನ ಮಗುವನ್ನೇ ನೆನೆಯುತ್ತಾರೆ. ಮಗು ಬೆಳೆಯುತ್ತದೆ, ಮೀಸೆ ಬರುತ್ತದೆ, ತಲೆ ನರೆಯುತ್ತದೆ. ಸ್ವಲೀನತೆ ಜೊತೆಯಲ್ಲಿಯೇ ಇರುತ್ತದೆ. ಮಗುವಿಗೆ ಮರುಗುವ ಲೋಕ ಬೆಳೆದವನಿಗೆ ಹೆದರುತ್ತದೆ. ಕಷ್ಟವಿರುವುದು ಇಲ್ಲಿಯೇ.

ಎಲ್ಲರೂ ಒಂದೇ ಬಗೆಯವರೂ ಅಲ್ಲ. ಮಾತೇ ಬಾರದವರಿದ್ದಾರೆ. ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ದಿನವೆಲ್ಲ ಹಲ್ಲು ಕಚ್ಚಿ ಸಹಿಸಿಕೊಂಡು, ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ನಡುಗುವವರೂ ಇದ್ದಾರೆ. ಹೆಣ್ಣುಮಕ್ಕಳು ಇದನ್ನು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ. ನಾಚಿಕೆಯವಳು, ಹಟಮಾರಿ ಎಂಬ ಹೆಸರು ಹೊತ್ತು ಬದುಕುತ್ತಾರೆ.

ಸ್ವಲೀನ ಎಂದರೆ ತನ್ನೊಳಗೆ ತಾನು ಮುಳುಗಿದವನು, ಹೊರಗಿನದು ಅವನಿಗೆ ತಾಗುವುದಿಲ್ಲ ಎಂದು ಹೆಸರಿನಿಂದ ಮೋಸಹೋಗಬೇಡಿ. ಅನೇಕರ ವಿಷಯದಲ್ಲಿ ನಿಜ ಇದಕ್ಕೆ ತೀರ ವಿರುದ್ಧ. ಹೊರಗಿನದು ಅವರಿಗೆ ನಮಗಿಂತ ಹೆಚ್ಚು ತಾಗುತ್ತದೆ. ಗೌರಿಬಿದನೂರಿನವರಿಗೆ ಒಂದು ದೃಷ್ಟಾಂತ ಹೇಳುತ್ತೇವೆ. ನಿಮ್ಮ ಊರಿನ ಬಳಿ 1965ರಲ್ಲಿ ಅಣುಶಕ್ತಿ ಇಲಾಖೆಯವರು ಭೂಮಿಯ ಕಂಪನವನ್ನು ಅಳೆಯುವ ಯಂತ್ರಗಳ ಸಾಲನ್ನು ಹೂಡಿದರು. ಸಾವಿರಾರು ಮೈಲಿ ಆಚೆ ನೆಲದೊಳಗೆ ಅಣುಬಾಂಬು ಸಿಡಿಸಿದರೂ ಇಲ್ಲಿ ಗೊತ್ತಾಗಬೇಕು, ಅದಕ್ಕಾಗಿ. 1976ರಲ್ಲಿ ಅದೇ ಸೀಮೆಯಲ್ಲಿ ಆಕಾಶದ ಕ್ಷೀಣವಾದ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕವೂ ಬಂದಿತು. ಅಷ್ಟು ಸೂಕ್ಷ್ಮವಾದ ಉಪಕರಣವನ್ನು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಏಕೆ ಇಡಲಿಲ್ಲ? ಅಲ್ಲಿ ಇಟ್ಟರೆ ಬಸ್ಸಿನ ಅದುರು, ಲಾರಿಯ ಗುಡುಗು ಎಲ್ಲವೂ ಅದಕ್ಕೆ ತಾಗಿ, ಯಾವುದು ಯಾವುದೆಂದು ತಿಳಿಯದೆ ಹೋಗುತ್ತದೆ. ಸೂಕ್ಷ್ಮವಾದುದಕ್ಕೆ ಶಾಂತವಾದ ಸ್ಥಳ ಬೇಕು. ಯಂತ್ರ ಕೆಟ್ಟಿದೆ ಎಂದು ವಿಜ್ಞಾನಿಗಳು ಅದನ್ನು ಬಡಿಯಲಿಲ್ಲ. ತಕ್ಕ ಸ್ಥಳವನ್ನು ಹುಡುಕಿದರು.

ಮದುವೆಯ ಮನೆಯನ್ನು ನೆನೆದುಕೊಳ್ಳಿ. ವಾಲಗ ಒಂದು ಕಡೆ, ಧ್ವನಿವರ್ಧಕ ಒಂದು ಕಡೆ, ಮಿಣುಕುವ ದೀಪ, ಮಲ್ಲಿಗೆಯ ವಾಸನೆ, ಒಗ್ಗರಣೆಯ ಘಾಟು, ಹೊಸ ಬಟ್ಟೆಯ ಗಂಜಿ, ಕೆನ್ನೆ ಹಿಂಡುವ ನೆಂಟರು. ನಮ್ಮ ಮಿದುಳು ಇವುಗಳಲ್ಲಿ ಬೇಕಾದುದನ್ನು ಒಳಗೆ ಬಿಟ್ಟು ಬೇಡದ್ದನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಅವನಿಗೆ ಆ ಬಾಗಿಲು ಸದಾ ತೆರೆದಿದೆ. ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಅದರ ಮೇಲೆ ಇವತ್ತು ಊಟ ಹೊತ್ತಿಗೆ ಇಲ್ಲ, ಮಲಗುವ ಚಾಪೆ ಬೇರೆ, ಹೇಳಿದ ಬಸ್ಸು ಬರಲಿಲ್ಲ. ದಿನಚರಿಯೇ ಅವನ ಊರುಗೋಲು. ಅದನ್ನು ಕಿತ್ತುಕೊಂಡೆವು. ಕೊಡ ತುಂಬುತ್ತಾ ಬಂದು, ಕಡೆಗೆ ಒಂದು ಹನಿಗೆ ತುಳುಕುತ್ತದೆ. ನೋಡುವವರಿಗೆ ಆ ಕಡೆಯ ಹನಿ ಮಾತ್ರ ಕಾಣುತ್ತದೆ. “ಲೋಟ ಬದಲಾಯಿಸಿದ್ದಕ್ಕೆ ಇಷ್ಟು ರಂಪವೇ?” ಎನ್ನುತ್ತಾರೆ. ಬೆಳಗಿನಿಂದ ತುಂಬಿದ ನೀರನ್ನು ಯಾರು ಕಂಡರು?

ಇಲ್ಲಿ ಒಂದು ವಿವೇಕ ಬೇಕು. ಹಟ ಬೇರೆ, ಇದು ಬೇರೆ. ಹಟ ಮಾಡುವವನಿಗೆ ಒಂದು ವಸ್ತು ಬೇಕಾಗಿರುತ್ತದೆ, ಅದು ಸಿಕ್ಕಿದರೆ ಸುಮ್ಮನಾಗುತ್ತಾನೆ. ಯಾರು ನೋಡುತ್ತಿದ್ದಾರೆ ಎಂಬ ಎಚ್ಚರವೂ ಅವನಿಗಿರುತ್ತದೆ. ಕಟ್ಟೆಯೊಡೆದವನಿಗೆ ಬೇಕಾದುದು ಯಾವುದೂ ಇಲ್ಲ. ಕೇಳಿದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ. ನಿಲ್ಲಿಸುವುದು ಆ ಗಳಿಗೆಯಲ್ಲಿ ಅವನ ಕೈಯಲ್ಲಿಯೂ ಇಲ್ಲ. ಕೆಲವರು ಹೊರಗೆ ಒಡೆಯುತ್ತಾರೆ, ಕೂಗುತ್ತಾರೆ, ಓಡುತ್ತಾರೆ, ತಮ್ಮನ್ನೇ ಹೊಡೆದುಕೊಳ್ಳುತ್ತಾರೆ. ಇನ್ನು ಕೆಲವರು ಒಳಗೆ ಮುದುಡುತ್ತಾರೆ. ಮಾತು ನಿಂತುಹೋಗುತ್ತದೆ, ಕರೆದರೆ ಓಗೊಡುವುದಿಲ್ಲ, ಮೂಲೆ ಹಿಡಿದು ಕೂರುತ್ತಾರೆ. ಕೂಗುವವನನ್ನು ಜನ ಗಮನಿಸುತ್ತಾರೆ. ಮುದುಡಿದವನನ್ನು ಸೋಮಾರಿ ಎಂದು ಬೈಯುತ್ತಾರೆ. ಬೆಂಕಿ ಎರಡರಲ್ಲಿಯೂ ಒಂದೇ.

ಶಿಡ್ಲಘಟ್ಟದ ಕಡೆಯ ಭಕ್ತರು ಇದನ್ನು ಬೇಗ ಅರಿಯಬಲ್ಲರು. ರೇಷ್ಮೆಹುಳು ತನ್ನ ಬಾಳಿನಲ್ಲಿ ನಾಲ್ಕು ಸಾರಿ ಪೊರೆ ಕಳಚುತ್ತದೆ. ಅದಕ್ಕೆ ನೀವು ಜ್ವರ ಎನ್ನುತ್ತೀರಿ. ಹುಳು ಜ್ವರಕ್ಕೆ ಕೂತಾಗ ತಲೆಯೆತ್ತಿ ಅಲುಗಾಡದೆ ಇದ್ದುಬಿಡುತ್ತದೆ. ಆಗ ಏನು ಮಾಡುತ್ತೀರಿ? ಹಸಿದಿದೆಯೆಂದು ಸೊಪ್ಪು ಹಾಕುತ್ತೀರಾ? ಏಳು ಎಂದು ತಟ್ಟೆ ಅಲುಗಿಸುತ್ತೀರಾ? ಸೊಪ್ಪು ನಿಲ್ಲಿಸುತ್ತೀರಿ, ಸುಣ್ಣದ ಪುಡಿ ಎರಚಿ ಹಾಸಿಗೆ ಒಣಗಿಸುತ್ತೀರಿ, ಗಾಳಿಯಾಡುವಂತೆ ಮಾಡಿ ಕೈ ಕಟ್ಟಿ ಕಾಯುತ್ತೀರಿ. ಅದು ತಾನಾಗಿ ಏಳುತ್ತದೆ. ಎದ್ದ ಮೇಲೆ ಎಳೆಯ ಸೊಪ್ಪು ಕೊಡುತ್ತೀರಿ. ಹುಳುಮನೆಗೆ ಬೀಡಿಯ ಹೊಗೆ ಸೋಕದಂತೆ, ಬೆಳೆಗೆ ಹೊಡೆದ ಔಷಧಿಯ ಗಾಳಿ ಬಾರದಂತೆ ಕಾಯುವ ನಿಮಗೆ ಸೂಕ್ಷ್ಮ ಜೀವವನ್ನು ಸಾಕುವುದು ಹೇಗೆಂದು ಮಠದವರು ಕಲಿಸಬೇಕೇ? ಹುಳುವಿಗೆ ತೋರುವ ಆ ತಾಳ್ಮೆಯನ್ನು ಹೆತ್ತ ಮಗನಿಗೆ, ಒಡಹುಟ್ಟಿದವನಿಗೆ, ನೆರೆಮನೆಯವನಿಗೆ ತೋರಿಸಿ ಎಂದಷ್ಟೇ ನಾವು ಕೇಳುತ್ತೇವೆ.

ಆ ಹೊತ್ತಿನಲ್ಲಿ ಮಾಡತಕ್ಕದ್ದೇನು? ಮೊದಲನೆಯದು, ಸದ್ದನ್ನು ಇಳಿಸಿ. ಟಿ.ವಿ. ಆರಿಸಿ, ದೀಪ ತಗ್ಗಿಸಿ, ನೋಡಲು ಕೂಡಿದವರನ್ನು ಹೊರಗೆ ಕಳುಹಿಸಿ. ಎರಡನೆಯದು, ಮಾತನ್ನು ಕಡಮೆ ಮಾಡಿ. “ಯಾಕೆ ಹೀಗೆ ಮಾಡುತ್ತೀಯ, ಏನಾಯಿತು ಹೇಳು” ಎಂದು ನಾಲ್ಕು ಜನ ನಾಲ್ಕು ಕಡೆಯಿಂದ ಕೇಳುವುದು ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ. ಒಬ್ಬರೇ, ತಗ್ಗಿದ ದನಿಯಲ್ಲಿ, ಎರಡು ಮೂರು ಶಬ್ದಗಳಲ್ಲಿ ಹೇಳಿದರೆ ಸಾಕು. ನಮ್ಮ ಈ ಗಡಿಸೀಮೆಯಲ್ಲಿ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡುವ ಕುಟುಂಬಗಳು ಬಹಳ. ಅವನು ತೊಟ್ಟಿಲಲ್ಲಿ ಕೇಳಿದ ಭಾಷೆ ಯಾವುದೋ ಆ ಭಾಷೆಯಲ್ಲಿಯೇ ಆಡಿ. ಮೂರನೆಯದು, ಹಿಂದಿನಿಂದ ಹಿಡಿಯಬೇಡಿ, ಸುತ್ತುವರಿಯಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಬಲವಂತ ಮಾಡಬೇಡಿ. ಕೆಲವರಿಗೆ ದಪ್ಪ ಕಂಬಳಿ ಹೊದ್ದರೆ, ಬಿಗಿಯಾಗಿ ಅಪ್ಪಿಕೊಂಡರೆ ಹಿತ. ಕೆಲವರಿಗೆ ಬೆರಳು ಸೋಕಿದರೂ ಉರಿ. ಯಾರಿಗೆ ಯಾವುದೆಂದು ಶಾಂತವಾಗಿರುವಾಗ ಅರಿತುಕೊಂಡಿರಬೇಕು. ನಾಲ್ಕನೆಯದು, ಕುಡುಗೋಲು, ಗಾಜು, ಕುದಿಯುವ ಪಾತ್ರೆ ಇಂಥವನ್ನು ದೂರ ಸರಿಸಿ. ತಲೆ ಗೋಡೆಗೆ ಬಡಿದುಕೊಳ್ಳುವವನಾದರೆ ನಡುವೆ ಒಂದು ದಿಂಬು ಒಡ್ಡಿ. ಐದನೆಯದು, ಕಾಯಿರಿ. ಮೈ ತೂಗುವುದು, ಕೈ ಬಡಿಯುವುದು, ಒಂದೇ ಮಾತನ್ನು ಹತ್ತು ಸಾರಿ ಹೇಳುವುದು, ಇವೆಲ್ಲ ಅವನೇ ಕಂಡುಕೊಂಡಿರುವ ಸಮಾಧಾನದ ದಾರಿಗಳು. ನೋಡಲು ಚೆನ್ನಾಗಿಲ್ಲವೆಂದು ಅವುಗಳನ್ನು ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು?

ಎಲ್ಲ ತಣ್ಣಗಾದ ಮೇಲೆ ದಂಡಿಸಬೇಡಿ, ಕ್ಷಮೆ ಕೇಳಿಸಬೇಡಿ. ಆಗ ಅವನು ದಣಿದಿರುತ್ತಾನೆ, ಎಷ್ಟೋ ವೇಳೆ ನಾಚಿಯೂ ಇರುತ್ತಾನೆ. ನೀರು ಕೊಡಿ, ಮಲಗಲು ಬಿಡಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ಹೊತ್ತು, ಎಲ್ಲಿ, ಅದಕ್ಕೆ ಮುಂಚೆ ಏನು ನಡೆದಿತ್ತು, ಏನು ಮಾಡಿದಾಗ ಇಳಿಯಿತು ಎಂದು. ಹತ್ತು ಸಾರಿ ಬರೆದರೆ ದಾರಿ ಕಾಣುತ್ತದೆ. ಒಡೆಯುವುದಕ್ಕೆ ಮೊದಲು ಅವನು ಓಡಾಡಲು ತೊಡಗುತ್ತಾನೆ, ಕಿವಿ ಮುಟ್ಟಿಕೊಳ್ಳುತ್ತಾನೆ, ಉಗುರು ಕಚ್ಚುತ್ತಾನೆ. ಮೋಡ ಕಂಡಾಗಲೇ ಕಣದ ರಾಗಿ ಮುಚ್ಚುವವನು ಜಾಣ. ಮಳೆ ಬಿದ್ದ ಮೇಲೆ ಓಡಿದರೇನು ಫಲ?

ಇನ್ನೊಂದು ಮಾತನ್ನು ಮರೆಯಬಾರದು. ಮಾತು ಬಾರದವನಿಗೆ ಹಲ್ಲುನೋವು ಬಂದರೆ ಹೇಗೆ ಹೇಳುತ್ತಾನೆ? ಕಿವಿ ಸೋರಿದರೆ, ಮಲ ಕಟ್ಟಿದರೆ, ಹೊಟ್ಟೆ ಉರಿದರೆ ಅವನು ಕೂಗುತ್ತಾನೆ. ಇದ್ದಕ್ಕಿದ್ದಂತೆ ಹೆಚ್ಚಾದ ಕೂಗನ್ನು ಕೆಟ್ಟ ನಡತೆ ಎನ್ನುವ ಮೊದಲು ವೈದ್ಯರಿಂದ ಮೈಯನ್ನು ತೋರಿಸಿ ಪರೀಕ್ಷಿಸಿಕೊಳ್ಳಿ. ಇಂಥವರಲ್ಲಿ ಮೂರ್ಛೆರೋಗ ಇತರರಿಗಿಂತ ಹೆಚ್ಚು, ಅದನ್ನೂ ನೋಡಿಸಬೇಕು. ಸ್ವಲೀನತೆಯನ್ನೇ ಹೋಗಲಾಡಿಸುವ ಮಾತ್ರೆ ಯಾವುದೂ ಇಲ್ಲ. ಇದೆ ಎಂದು ಹಣ ಕೇಳುವವರನ್ನು ನಂಬಬೇಡಿ. ತೀವ್ರವಾದ ಉದ್ವೇಗಕ್ಕೆ, ನಿದ್ರೆ ಬಾರದ್ದಕ್ಕೆ ಮನೋವೈದ್ಯರು ಔಷಧ ಕೊಡುವುದುಂಟು. ಅದನ್ನು ಅವರನ್ನು ಕೇಳದೆ ನಡುವೆ ನಿಲ್ಲಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ದಾರಿಯೇ ಕಾಣದ ರಾತ್ರಿಯಲ್ಲಿ 14416 ಎಂಬ ಸಂಖ್ಯೆಗೆ ಫೋನು ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರದ ಸಹಾಯವಾಣಿ. ಹಣ ಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಈಗ ಸ್ವಲ್ಪ ಕಠಿಣವಾದ ಮಾತು. ಕಟ್ಟಿಹಾಕುವ ಮನೆಗಳಿವೆ. ದನದ ಕೊಟ್ಟಿಗೆಯಲ್ಲಿ, ಹಿತ್ತಿಲ ಕೋಣೆಯಲ್ಲಿ, ಕಾಲಿಗೆ ಸರಪಳಿ ಹಾಕಿ ಇಟ್ಟಿರುತ್ತಾರೆ. ಕ್ರೌರ್ಯದಿಂದ ಮಾತ್ರ ಹೀಗೆ ಮಾಡುತ್ತಾರೆಂದು ನಾವು ಹೇಳುವುದಿಲ್ಲ. ಕೂಲಿಗೆ ಹೋಗಲೇಬೇಕಾದ ತಾಯಿ, ಮಗ ರಸ್ತೆಗೆ ಓಡಿ ಲಾರಿಗೆ ಸಿಕ್ಕಬಾರದೆಂದು ಅಳುತ್ತಲೇ ಕಟ್ಟಿ ಹೋಗುತ್ತಾಳೆ. ಆದರೂ ಕಟ್ಟುವುದು ತಪ್ಪೇ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ವಾಸಿಯಾಗಲೆಂದು ಕರೆತಂದು ಸರಪಳಿಯಲ್ಲಿ ಕಟ್ಟಿದ್ದ ಮನೋರೋಗಿಗಳಲ್ಲಿ 28 ಮಂದಿ, ಗುಡಿಸಲಿಗೆ ಬೆಂಕಿ ಬಿದ್ದಾಗ ಓಡಲಾರದೆ ಸುಟ್ಟುಹೋದರು. ದೇಶವೇ ತಲೆತಗ್ಗಿಸಿತು. ಮನೋರೋಗವಿರುವವರನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಕಟ್ಟಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ. ರೋಗಿಯನ್ನೇ ಕಟ್ಟಬಾರದು ಎಂದ ಮೇಲೆ ರೋಗವೇ ಇಲ್ಲದ ಇವನನ್ನು ಕಟ್ಟುವುದು ಹೇಗೆ? ಆದರೆ ಕಟ್ಟಬೇಡ ಎಂದು ಆ ತಾಯಿಗೆ ಹೇಳಿ ನಾವೆಲ್ಲ ಮನೆಗೆ ಹೋದರೆ ಅದು ಧರ್ಮವಾಗುವುದಿಲ್ಲ. ಅವಳು ಕೂಲಿಗೆ ಹೋದಾಗ ಅವನ ಬಳಿ ಕೂರುವವರು ಯಾರು ಎಂಬುದಕ್ಕೆ ಉತ್ತರ ಕೊಟ್ಟ ಮೇಲೆಯೇ ಬುದ್ಧಿ ಹೇಳುವ ಅಧಿಕಾರ ನಮಗೆ ಬರುತ್ತದೆ.

ಬೇವಿನ ಬರಲಿನಿಂದ ಹೊಡೆದು ದೆವ್ವ ಬಿಡಿಸುವೆನೆನ್ನುವವರ ಬಳಿಗೆ ಒಯ್ಯಬೇಡಿ. ಹೊಡೆತದಿಂದ ಹೋಗುವುದು ದೆವ್ವವಲ್ಲ, ಅವನಿಗೆ ನಿಮ್ಮ ಮೇಲಿದ್ದ ನಂಬಿಕೆ. ಮದುವೆ ಮಾಡಿದರೆ ಸರಿಹೋಗುತ್ತಾನೆಂದು, ವಿಷಯ ಮುಚ್ಚಿಟ್ಟು ಒಂದು ಬಡ ಹೆಣ್ಣನ್ನು ತರಬೇಡಿ. ಬದುಕನ್ನು ಹಂಚಿಕೊಳ್ಳಲು ಬಯಸುವ, ಬಲ್ಲ ಸ್ವಲೀನರಿದ್ದಾರೆ, ಅವರು ತಿಳಿದು, ತಿಳಿಸಿ ಮದುವೆಯಾಗಲಿ. ಚಿಕಿತ್ಸೆಯೆಂದು ಮಾಡುವ ಮದುವೆಯಿಂದ ಒಂದರ ಬದಲು ಎರಡು ಜೀವಗಳು ನೋಯುತ್ತವೆ. ತಾಯಿಯ ಪಾಪ, ತಾಯಿಯ ಲೋಪ ಎಂದಂತೂ ಎಂದೂ ಆಡಬೇಡಿ. ಓದಿದ ದೇಶಗಳವರೂ ಒಂದು ಕಾಲದಲ್ಲಿ ತಾಯಿಗೆ ಪ್ರೀತಿಯಿಲ್ಲದೆ ಮಗು ಹೀಗಾಯಿತೆಂದು ಹೇಳಿ ಸಾವಿರಾರು ತಾಯಂದಿರನ್ನು ಅಳಿಸಿದರು. ಇಂಥ ಒಂದು ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲೆಂಡ್ ಎಂಬವರು 1964ರಲ್ಲಿ ಪುಸ್ತಕವನ್ನೇ ಬರೆದು ಅದನ್ನು ಅಲ್ಲಗಳೆದರು. ಇಂದು ಆ ಮಾತಿಗೆ ವಿಜ್ಞಾನದಲ್ಲಿ ನೆಲೆಯಿಲ್ಲ. ವಿಜ್ಞಾನ ಬಿಟ್ಟ ಕಲ್ಲನ್ನು ನಾವು ಎತ್ತಿಕೊಂಡು ತಾಯಿಯ ಮೇಲೆ ಎಸೆಯಬೇಕೇ?

ಶರಣರು ಕಾಯಕಕ್ಕೆ ಕೊಟ್ಟ ಸ್ಥಾನ ನಿಮಗೆ ಗೊತ್ತಿದೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನೂ ಅಲ್ಲಿ ಪೂಜ್ಯರೇ. ಒಬ್ಬನಿಗೆ ಮಾತು ಕಡಮೆಯೆಂದು ಅವನಿಗೆ ಕಾಯಕವಿಲ್ಲವೆನ್ನಲು ನಾವು ಯಾರು? ನೂಲು ಬಿಚ್ಚುವ ಫಿಲೇಚರಿನ ಸದ್ದು, ಬೇಯಿಸಿದ ಗೂಡಿನ ವಾಸನೆ ಅವನಿಗೆ ಆಗದಿರಬಹುದು. ಆದರೆ ಜಾಳುಗೂಡನ್ನು ಆರಿಸಿ ಬೇರ್ಪಡಿಸುವುದು, ಸಸಿತೋಟದಲ್ಲಿ ಚೀಲಗಳಿಗೆ ಮಣ್ಣು ತುಂಬುವುದು, ಹೂ ಬಿಡಿಸುವುದು, ಪುಸ್ತಕ ಜೋಡಿಸುವುದು, ಲೆಕ್ಕ ಬರೆಯುವುದು, ಹೀಗೆ ಒಂದೇ ಕ್ರಮದಲ್ಲಿ ನಡೆಯುವ ಕೆಲಸವನ್ನು ನಮಗಿಂತ ಅಚ್ಚುಕಟ್ಟಾಗಿ ಮಾಡುವವರು ಇವರಲ್ಲಿದ್ದಾರೆ. ಆಯಾಸವಾದಾಗ ಎದ್ದು ಹೋಗಿ ಕೂರಲು ಒಂದು ನೆರಳಿರಲಿ, ನಾಳೆ ಏನೆಂಬುದನ್ನು ಇವತ್ತೇ ಚಿತ್ರ ಬರೆದು ತೋರಿಸಿ, ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಇದನ್ನೂ ಸೇರಿಸಿದೆ. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆಂದು ಇರಿಸಿದ 4 ಪಾಲಿನಲ್ಲಿ 1 ಪಾಲು ಸ್ವಲೀನತೆ, ಬುದ್ಧಿಮಾಂದ್ಯ ಮೊದಲಾದವರಿಗೆ ಸೇರಿದೆ.

ಕ್ಯಾನರ್ ಬರೆದ ಆ 11 ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. 1933ರಲ್ಲಿ ಅಮೆರಿಕೆಯ ಮಿಸಿಸಿಪ್ಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಆತ ಅದೇ ಊರಿನ ಬ್ಯಾಂಕಿನಲ್ಲಿ ಬಹುಕಾಲ ದುಡಿದು, ಒಬ್ಬನೇ ಎಷ್ಟೋ ದೇಶ ಸುತ್ತಿ ಬಂದು, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಮನೆಯವರು ಅನುಕೂಲಸ್ಥರಾಗಿದ್ದರು, ನಿಜ. ಆದರೆ ಊರಿನ ಜನ ಅವನ ವಿಚಿತ್ರಗಳನ್ನು ಅವನ ಗುಣವೆಂದೇ ಒಪ್ಪಿಕೊಂಡು ಅವನಿಗೆ ಕಾವಲಾಗಿ ನಿಂತರು. ನಮ್ಮ ಒಂದು ಹಳ್ಳಿಗೂ ಇದು ಆಗದ ಕೆಲಸವೇ?

ಎಲ್ಲ ತಂದೆತಾಯಿಗಳ ಎದೆಯಲ್ಲಿ ಕಡೆಗೆ ಉಳಿಯುವ ಪ್ರಶ್ನೆ ಒಂದು. “ನಾವು ಹೋದ ಮೇಲೆ ಇವನಿಗೆ ಯಾರು?” ಕೆಲವರು, ನಮಗಿಂತ ಒಂದು ದಿನ ಮುಂಚೆ ಇವನು ಹೋಗಲಿ ಎಂದು ದೇವರನ್ನು ಬೇಡುತ್ತಾರೆ. ಹೆತ್ತವರ ಬಾಯಲ್ಲಿ ಈ ಪ್ರಾರ್ಥನೆ ಬರುವಂತೆ ಮಾಡಿದ ಸಮಾಜದಲ್ಲಿ ನಾವೂ ನೀವೂ ಇದ್ದೇವೆ ಎಂಬುದನ್ನು ನೆನೆಯಬೇಕು. ಇದಕ್ಕೆ ದಾರಿಗಳಿವೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ, 18 ವರ್ಷ ತುಂಬಿದ ಮೇಲೂ ಇಂಥವರಿಗೆ ಬೇಕಾದಲ್ಲಿ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬಹುದು. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಗೆ ನೆರವುಂಟು. ಅಂಗವಿಕಲರ ಗುರುತಿನ ಚೀಟಿ ಮಾಡಿಸಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಇದು ಭಿಕ್ಷೆಯಲ್ಲ, ಹಕ್ಕು. ನಾವು ಹೇಳಿದ ಆ ನೋಟ್‌ಬುಕ್ಕಿನಲ್ಲಿ, ಅವನಿಗೆ ಯಾವ ಊಟ ಸೇರುತ್ತದೆ, ಯಾವ ಸದ್ದು ಆಗದು, ಯಾವ ಮಾತಿಗೆ ತಣ್ಣಗಾಗುತ್ತಾನೆ, ಯಾವ ಔಷಧ ಎಷ್ಟು ಎಂಬುದೆಲ್ಲ ಇರಲಿ. ಅವನ ಅಣ್ಣನಿಗೆ, ತಂಗಿಗೆ ಅದನ್ನು ಓದಿಸಿ. ಒಂದೆಕರೆ ಹೊಲ ಬಿಟ್ಟುಹೋಗುವುದಕ್ಕಿಂತ ಆ ಪುಸ್ತಕವನ್ನು ಬಿಟ್ಟುಹೋಗುವುದು ದೊಡ್ಡ ಆಸ್ತಿ. ಅವನಿಗೆ ಇಷ್ಟ-ಅನಿಷ್ಟ ಹೇಳಲು ಬಂದರೆ, ಮಾತಿನಿಂದಲೋ ಚಿತ್ರದಿಂದಲೋ ಸನ್ನೆಯಿಂದಲೋ, ಮೊದಲು ಅವನನ್ನೇ ಕೇಳಿ ಬರೆಯಿರಿ. ಬದುಕು ಅವನದಲ್ಲವೇ?

ದಾಸೋಹವೆಂದರೆ ಅನ್ನವನ್ನು ಮಾತ್ರ ನೆನೆಯುತ್ತೇವೆ. ಹೊತ್ತಿನ ದಾಸೋಹವೂ ಉಂಟು. ಹತ್ತು ವರ್ಷದಿಂದ ಒಂದು ರಾತ್ರಿಯೂ ನೆಮ್ಮದಿಯಾಗಿ ಮಲಗದ ತಾಯಿ ನಿಮ್ಮ ಬೀದಿಯಲ್ಲಿದ್ದರೆ, ವಾರಕ್ಕೆ ಎರಡು ಗಂಟೆ ಅವಳ ಮನೆಯಲ್ಲಿ ಕೂತು “ನೀನು ಮಲಗಮ್ಮ, ನಾನಿದ್ದೇನೆ” ಎನ್ನಿ. ಅವಳೂ ತುಂಬಿದ ಕೊಡವೇ. ನೋಡಿಕೊಳ್ಳುವವರು ಒಡೆದುಹೋದರೆ ನೋಡಿಸಿಕೊಳ್ಳುವವನ ಗತಿಯೇನು? ಮೊದಲು ಅವಳಿಂದ ಕಲಿಯಿರಿ, ಅವನಿಗೆ ನಿಮ್ಮ ಮುಖ ರೂಢಿಯಾಗಲಿ, ಆಮೇಲೆ ಒಬ್ಬರೇ ಕೂರಬಹುದು. ನಿಮ್ಮ ಮನೆಯ ಮದುವೆಗೆ ಆ ಕುಟುಂಬವನ್ನು ಕರೆಯಿರಿ. ಅವನು ಬಂದು ಕೂರಲು ಸದ್ದಿಲ್ಲದ ಒಂದು ಕೋಣೆಯನ್ನು ಬಿಟ್ಟಿಡಿ. ಜಾತ್ರೆ ಮಾಡುವವರು ಧ್ವನಿವರ್ಧಕವನ್ನು ಮನೆಗಳ ಕಡೆ ತಿರುಗಿಸಬೇಡಿ, ಪಟಾಕಿ ಹೊಡೆಯುವ ಹೊತ್ತನ್ನು ಮೊದಲೇ ಹೇಳಿ. ಬಸ್ಸಿನಲ್ಲಿ ಒಬ್ಬ ಬೆಳೆದ ಮನುಷ್ಯ ಕಿವಿ ಮುಚ್ಚಿ ಕೂಗಿದರೆ ನಗಬೇಡಿ, ಫೋನು ಎತ್ತಿ ಚಿತ್ರ ಹಿಡಿಯಬೇಡಿ. ಕಿಟಕಿಯ ಪಕ್ಕದ ಜಾಗವನ್ನು ಬಿಟ್ಟುಕೊಡಿ. ಇವೆಲ್ಲ ಹಣ ಬೇಡದ, ಪಂಡಿತ್ಯ ಬೇಡದ ಧರ್ಮಗಳು.

ಇಲ್ಲಿಂದ ಹೋದ ಮೇಲೆ ನಿಮ್ಮ ನಿಮ್ಮ ಊರಿನಲ್ಲಿ ಬಾಗಿಲು ಮುಚ್ಚಿರುವ ಅಂಥ ಒಂದು ಮನೆ ಯಾವುದೆಂದು ನೋಡಿಕೊಳ್ಳಿ. ಈ ವಾರದಲ್ಲಿ ಒಮ್ಮೆ ಆ ಬಾಗಿಲನ್ನು ಮೆಲ್ಲಗೆ ತಟ್ಟಿ. ಗಟ್ಟಿಯಾಗಿ ಬಡಿಯಬೇಡಿ, ಒಳಗೆ ಸೂಕ್ಷ್ಮವಾದ ಒಂದು ಜೀವವಿದೆ. ಇಷ್ಟನ್ನು ನೀವು ನಡೆಸುವಿರೆಂದು ನಂಬಿ, ನಿಮಗೂ ಆ ಮನೆಗಳಿಗೂ ಒಳಿತಾಗಲೆಂದು ಹಾರೈಸಿ, ನಮ್ಮ ಮಾತಿಗೆ ವಿರಾಮ ಕೊಡುತ್ತೇವೆ.